ಅಪ್‌ಡೇಟ್: ಪಾಠದಲ್ಲಿ ಗಮನ ನಿಲ್ಲದಿದ್ದರೆ ಅದು ಎಡಿಡಿನಾ?

ಹತ್ತನೇ ಕ್ಲಾಸಿನಲ್ಲಿ ಪಾಠದ ಮೇಲೆ ಗಮನ ನಿಲ್ಲುತ್ತಿಲ್ಲ, ಇದು ಎಡಿಡಿ (ಗಮನ ಕೊರತೆಯ ತೊಂದರೆ) ಇರಬಹುದಾ ಅಂತ ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಇದೇ ಗೊಂದಲದಲ್ಲಿರುವ ಬೇರೆಯವರಿಗೂ ಬೇಕಾಗುತ್ತೆ ಅಂತ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಎಡಿಡಿ ಅನ್ನೋದು ಹಳೆಯ ಹೆಸರು, ಈಗ ಎಲ್ಲವೂ ಎಡಿಎಚ್‌ಡಿ (ಗಮನ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ). ಚಡಪಡಿಕೆ ಇಲ್ಲದೆ ಬರೀ ಗಮನದ ತೊಂದರೆ ಇರುವ ಬಗೆಯೂ ಅದರಲ್ಲಿದೆ. ಸುಮ್ಮನೆ ಕಿಟಕಿ ನೋಡುತ್ತಾ ಕೂರುವ ಮಕ್ಕಳು, ಅದರಲ್ಲೂ ಹುಡುಗಿಯರು, ಎಷ್ಟೋ ಸಲ ಯಾರ ಗಮನಕ್ಕೂ ಬರುವುದಿಲ್ಲ.

ಈ ಬಗೆಯ ಎಡಿಎಚ್‌ಡಿ ಅನ್ನಬೇಕಾದರೆ ಡಾಕ್ಟರುಗಳು ನೋಡುವ, ಗಮನಕ್ಕೆ ಸಂಬಂಧಿಸಿದ 9 ಲಕ್ಷಣಗಳಲ್ಲಿ ಕನಿಷ್ಠ 6 (17 ತುಂಬಿದವರಿಗೆ 5) ಇರಬೇಕು. ಅದೂ 6 ತಿಂಗಳಿಂದ, ಮನೆ, ಶಾಲೆ ಎರಡೂ ಕಡೆ. 12 ವರ್ಷಕ್ಕೆ ಮುಂಚೆಯೇ ಕೆಲವು ಕಾಣಿಸಿರಬೇಕು, ಹೆಚ್ಚಿನವರು ಮರೆಯುವುದು ಇದನ್ನೇ. ಎಂಟನೇ ಕ್ಲಾಸಿನವರೆಗೆ ಸರಿಯಿದ್ದು ಈಗ ಮಾತ್ರ ಕೆಟ್ಟಿದ್ದರೆ ಮೊದಲು ನಿದ್ದೆ, ಆತಂಕ, ಖಿನ್ನತೆ, ರಕ್ತಹೀನತೆ, ಥೈರಾಯ್ಡ್, ಕಣ್ಣು ನೋಡಿಸಿ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿ 12ರವರೆಗೆ ಮೊಬೈಲ್, ಬೆಳಿಗ್ಗೆ 5ಕ್ಕೆ ಟ್ಯೂಷನ್ ಅಂದರೆ ಯಾರ ಗಮನವೂ ನಿಲ್ಲಲ್ಲ.

ರಕ್ತ ಪರೀಕ್ಷೆ, ಸ್ಕ್ಯಾನ್‌ನಿಂದ ಎಡಿಎಚ್‌ಡಿ ಗೊತ್ತಾಗುವುದಿಲ್ಲ. ಹಾಗಾಗಿ ಡಾಕ್ಟರ ಹತ್ತಿರ ಹೋಗುವಾಗ ಪ್ರೈಮರಿಯ ಮಾರ್ಕ್ಸ್ ಕಾರ್ಡ್‌ಗಳನ್ನು ಒಯ್ಯಿರಿ. "ಬುದ್ಧಿವಂತ, ಆದರೆ ಬರೆಯುವುದನ್ನು ಅರ್ಧಕ್ಕೇ ಬಿಡುತ್ತಾನೆ" ಅಂತ ಎರಡನೇ ಕ್ಲಾಸಿನ ಮಿಸ್ ಬರೆದ ಒಂದು ಸಾಲು ತುಂಬಾ ಕೆಲಸಕ್ಕೆ ಬರುತ್ತೆ. ಈಗಿನ ಟೀಚರ್ ಕೈಯಲ್ಲೂ ಪ್ರಶ್ನಾವಳಿ ತುಂಬಿಸಬೇಕಾಗಬಹುದು.

ಗೆಳೆಯರಿಗೆ ಕೊಟ್ಟ ಎಡಿಎಚ್‌ಡಿ ಮಾತ್ರೆಯನ್ನು ಮಾತ್ರ ದಯವಿಟ್ಟು ನುಂಗಬೇಡಿ. ಇದಕ್ಕೆ ಕೊಡುವ ಮಿಥೈಲ್‌ಫೆನಿಡೇಟ್ ಅನ್ನೋ ಔಷಧಿ ಹಸಿವು, ನಿದ್ದೆ ಕೆಡಿಸಬಹುದು, ಅದಕ್ಕೆ ಬಿಪಿ, ತೂಕ ನೋಡುತ್ತಾ ಡಾಕ್ಟರೇ ಕೊಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ದೂರದವರು ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಉಚಿತವಾಗಿ ಮಾತಾಡುತ್ತಾರೆ.