ಕರ್ನಾಟಕದ ನರ್ಸಿಂಗ್ ನೋಂದಣಿ ತೆಲಂಗಾಣದಾಗ ನಡೀತದೇನ್ರಿ?

ಪ್ರಶ್ನೆ (ರಾಯಚೂರು): ನಮಸ್ಕಾರ್ರಿ ಮೇಡಂ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿದದ, ಕರ್ನಾಟಕ ನರ್ಸಿಂಗ್ ಕೌನ್ಸಿಲ್ ನಂಬರ್ ಅದ. ಮದುವಿ ಆಗಿ ಮಹಬೂಬ್‌ನಗರಕ್ಕ ಹೊಂಟೀನಿ, ಅಲ್ಲಿ ಖಾಸಗಿ ದವಾಖಾನಿಯವ್ರು ಕೆಲಸಕ್ಕ ಕರದಾರ. ಇದೇ ನಂಬರ್ ನಡೀತದೋ, ದಿಲ್ಲಿಯ ಐಎನ್‌ಸಿಗೆ (ಭಾರತೀಯ ನರ್ಸಿಂಗ್ ಕೌನ್ಸಿಲ್) ಅರ್ಜಿ ಹಾಕಬೇಕೋ?

ಉತ್ತರ: ಎರಡೂ ಅಲ್ಲ ತಂಗಿ. ಐಎನ್‌ಸಿ 1947ರ ಕಾಯ್ದೆಯಿಂದ ಬಂದ ಸಂಸ್ಥೆ, ಪಠ್ಯಕ್ರಮ, ವಿದ್ಯಾರ್ಹತೆಯ ಮಟ್ಟ ನೋಡಿಕೊಳ್ಳುತ್ತದೆ. ನೋಂದಣಿ ಕೊಡುವುದು ಆಯಾ ರಾಜ್ಯದ ಕೌನ್ಸಿಲ್. ನೀನು ತೆಲಂಗಾಣ ಕೌನ್ಸಿಲ್‌ನಲ್ಲಿ ನೋಂದಾಯಿಸಲೇಬೇಕು, ಅದಕ್ಕೆ ಬೆಂಗಳೂರಿನ ನಮ್ಮ ಕೌನ್ಸಿಲ್‌ನಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು.

ಮೊದಲು ನಿನ್ನ ನೋಂದಣಿಯ ಅವಧಿ ನೋಡು. ನವೀಕರಣ ಬಾಕಿ ಇದ್ದರೆ ಎನ್‌ಒಸಿ ಅಲ್ಲೇ ನಿಲ್ಲುತ್ತದೆ. ನವೀಕರಣಕ್ಕೆ ಐದು ವರ್ಷದಲ್ಲಿ 150 ಗಂಟೆ ಸಿಎನ್‌ಇ (ಕೆಲಸದ ಜೊತೆಗೆ ಮುಂದುವರಿಸುವ ನರ್ಸಿಂಗ್ ತರಬೇತಿ) ಬೇಕು, ಅಂದರೆ ವರ್ಷಕ್ಕೆ 30. ಪ್ರಮಾಣಪತ್ರಗಳನ್ನು ಕೊನೆಯ ತಿಂಗಳಲ್ಲಿ ಹುಡುಕಬೇಡ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಮೂರೂ ವರ್ಷದ ಅಂಕಪಟ್ಟಿ, ಡಿಪ್ಲೊಮಾ, ನೋಂದಣಿ ಪತ್ರ, ಆಧಾರ್ ಒಂದೇ ಕಡೆ ಜೋಡಿಸಿಟ್ಟುಕೋ.

ಬಹಳ ಮಂದಿಯ ಅರ್ಜಿ ಸಿಕ್ಕಿಬೀಳೋದು ಹೆಸರಲ್ಲಿ. ಎಸ್‌ಎಸ್‌ಎಲ್‌ಸಿಯಲ್ಲಿ ಬರೀ ‘ಶಾಂತಮ್ಮ’, ನೋಂದಣಿಯಲ್ಲಿ ‘ಶಾಂತಮ್ಮ ಬಿ.’, ಆಧಾರ್‌ನಲ್ಲಿ ಗಂಡನ ಹೆಸರು ಸೇರಿ ಮೂರನೆಯದು. ಐಎನ್‌ಸಿಯ ಎನ್‌ಆರ್‌ಟಿಎಸ್ (ದೇಶದ ನರ್ಸ್‌ಗಳ ಆನ್‌ಲೈನ್ ದಾಖಲೆ) ವ್ಯವಸ್ಥೆ ಆಧಾರ್ ಮೇಲೆ ನಿಂತಿದೆ, ಪ್ರತಿ ನರ್ಸ್‌ಗೆ ಕೊಡುವ ಎನ್‌ಯುಐಡಿ ಗುರುತು ನಂಬರ್ ಸಿಗೋದೂ ಅದರಿಂದಲೇ. ಹೀಗಾಗಿ ಹೊಸ ನೋಂದಣಿ ಕೈಗೆ ಬರುವ ತನಕ ಆಧಾರ್‌ನಲ್ಲಿ ಹೆಸರು ಬದಲಿಸಲು ಹೋಗಬೇಡ. ಆಗಲೇ ಬದಲಿಸಿದ್ದರೆ ಮದುವೆ ನೋಂದಣಿ ಪತ್ರವನ್ನೂ ಲಗತ್ತಿಸು.

ಪ್ರಶ್ನೆ (ಬಳ್ಳಾರಿ): ನನಗ ಆದೋನಿಯಿಂದಲೂ ಹೈದರಾಬಾದಿನಿಂದಲೂ ಕರೆ ಬಂದಾವ್ರಿ. ಒಂದೇ ಎನ್‌ಒಸಿ ಸಾಕಾಗ್ತದೇನು?

ಉತ್ತರ: ಸಾಲದು. 2014ರಲ್ಲಿ ಆಂಧ್ರಪ್ರದೇಶ ಇಬ್ಭಾಗವಾಯಿತು, ಆದೋನಿ ಆಂಧ್ರದಲ್ಲಿ, ಹೈದರಾಬಾದ್ ತೆಲಂಗಾಣದಲ್ಲಿ, ಕೌನ್ಸಿಲ್‌ಗಳೂ ಬೇರೆ ಬೇರೆ. ಎನ್‌ಒಸಿ ಯಾವ ಕೌನ್ಸಿಲ್ ಹೆಸರಿಗಿದೆಯೋ ಅಲ್ಲಿಗೆ ಮಾತ್ರ. ಯಾವ ಊರು ಅನ್ನೋದು ಗಟ್ಟಿಯಾದ ಮೇಲೆ ಅರ್ಜಿ ಹಾಕಿರಿ.

ಇನ್ನೊಬ್ಬರ ಸೇರ್ಪಡೆ (ಕೊಪ್ಪಳ): ಏಮ್ಸ್ ಆಸ್ಪತ್ರೆಗಳ ನರ್ಸ್ ನೇಮಕಾತಿ ಪರೀಕ್ಷೆ ನಾರ್ಸೆಟ್ ಬರೆಯೋರಿಗೆ ಈ ಓಡಾಟ ಬೇಡ. ಯಾವ ರಾಜ್ಯದ ಕೌನ್ಸಿಲ್ ನೋಂದಣಿ ಇದ್ದರೂ ಅರ್ಜಿ ಹಾಕಬಹುದು. ಆದರೆ ಜಿಎನ್‌ಎಂ ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಹಾಸಿಗೆ ಸಂಖ್ಯೆಯನ್ನು ಅನುಭವ ಪತ್ರದಲ್ಲೇ ಬರೆಸಿಕೊಳ್ಳಿ. ಕೆಲಸ ಬಿಟ್ಟು ವರ್ಷ ಕಳೆದ ಮೇಲೆ ಹೋಗಿ ಕೇಳಿದರೆ ಬರೆದುಕೊಡೋರು ಸಿಗೋದಿಲ್ಲ.

ಪ್ರಶ್ನೆ (ರಾಯಚೂರು): ಎನ್‌ಒಸಿ ಬರೋ ಮೊದ್ಲೇ ಡ್ಯೂಟಿಗೆ ಸೇರ್ಕೊಂಡ್ರ ನಡೀತದೇನ್ರಿ?

ಉತ್ತರ: ಬೇಡ ತಂಗಿ. ‘ಆಮೇಲೆ ಕೊಡ್ರಿ’ ಅಂತ ದವಾಖಾನೆಯವರು ಅಂದರೂ ಇಂಜೆಕ್ಷನ್ ಕೊಡೋ ಕೈ ನಿನ್ನದು, ಕೇಸ್‌ಶೀಟ್‌ನಲ್ಲಿ ಸಹಿಯೂ ನಿನ್ನದು. ಇಲ್ಲಿ ಕೆಲಸ ಮಾಡುತ್ತಲೇ ಎನ್‌ಒಸಿಗೆ ಹಾಕು, ಅಲ್ಲಿನ ನಂಬರ್ ಬಂದ ಮೇಲೆ ರಾಜೀನಾಮೆ ಕೊಡು. ಇಲ್ಲಿನ ಮೂಲ ನೋಂದಣಿ ಪತ್ರ, 371ಜೆ (ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿಯ) ಪ್ರಮಾಣಪತ್ರ ಎರಡನ್ನೂ ಜೋಪಾನ ಮಾಡು. ಮುಂದೆ ಕಲ್ಯಾಣ ಕರ್ನಾಟಕದ ನೇಮಕಾತಿ ಬಂದರೆ ಬೇಕಾಗುತ್ತವೆ.