ಸೊಂಟ ನೋವಿಗೆ ಹನಿವೊನ್‌ಗೆ ಹೋಗಬಹುದಾ? ಕೊರಿಯಾದಲ್ಲಿ ಇರುವವರು ಅನುಭವ ಹೇಳಿ

ಸುವೊನ್‌ವಾಸಿ

ಎಲ್ಲರಿಗೂ ನಮಸ್ಕಾರ. ಆಫೀಸಿನಲ್ಲಿ ಕೂತು ಕೂತು ಸೊಂಟ ಹಿಡಿದುಕೊಂಡಿದೆ. ಎಕ್ಸ್‌ರೇ ತೆಗೆದು ಮೂಳೆಗೆ ಏನೂ ಆಗಿಲ್ಲ ಅಂದರು, ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಟೀಮಿನವರೆಲ್ಲ ಹನಿವೊನ್‌ಗೆ, ಅಂದರೆ ಕೊರಿಯಾದ ಸಾಂಪ್ರದಾಯಿಕ ವೈದ್ಯರ ಕ್ಲಿನಿಕ್‌ಗೆ ಹೋಗಿ ಚಿಮ್ (ಸೂಜಿ ಚಿಕಿತ್ಸೆ) ಹಾಕಿಸಿಕೋ ಅನ್ನುತ್ತಾರೆ. ಸೂಜಿಗೆ ಹೆದರಿಕೆ ಇಲ್ಲ, ಸರ್ಕಾರಿ ವಿಮೆನೂ ಇದೆ. ನಾವು ಸಸ್ಯಾಹಾರಿಗಳು. ಹನ್ಯಾಕ್ (ಅವರು ಕೊಡುವ ಕಷಾಯ) ಬೇಡ, ಬರೀ ಸೂಜಿ ಸಾಕು ಅಂದರೆ ಒಪ್ಪುತ್ತಾರಾ? ಖರ್ಚು ಎಷ್ಟು?

ಉಲ್ಸಾನ್ ಭಟ್ಟ

ಕಣ್ಣು ಮುಚ್ಚಿಕೊಂಡು ಹೋಗಿ. ನನ್ನದು ಸೊಂಟ ಅಲ್ಲ, ಕಾಲಿನ ಗಂಟು. ಕ್ರಿಕೆಟ್ ಆಡುವಾಗ ಉಳುಕಿ ಕುಂಬಳಕಾಯಿ ಥರ ಊದಿಕೊಂಡಿತ್ತು. ಇಲ್ಲಿನ ಜನ ಕಾಲು ಉಳುಕಿದರೆ ಮೊದಲು ಓಡುವುದೇ ಹನಿವೊನ್‌ಗೆ, ಮೂಳೆ ಡಾಕ್ಟರ್ ಆಮೇಲೆ. ಬೆಚ್ಚಗಿನ ಮಂಚದ ಮೇಲೆ ಮಲಗಿಸಿ ಪರದೆ ಎಳೆದರು, ಕೆಂಪು ದೀಪ ಕಾಲಿನ ಮೇಲೆ ತಿರುಗಿಸಿದರು. ಡಾಕ್ಟರ್ ಬಂದು ನೋವಿದ್ದ ಬಲಗಾಲು ಬಿಟ್ಟು ಎಡಗೈಗೆ ಸೂಜಿ ಚುಚ್ಚಿದರು! ಇದೇನಪ್ಪಾ ಅಂದುಕೊಂಡೆ. ಅದೂ ಒಂದು ಪದ್ಧತಿಯಂತೆ. ಆಮೇಲೆ ಊದಿದ ಜಾಗಕ್ಕೆ ಸಣ್ಣಗೆ ಚುಚ್ಚಿ ಬುಹಾಂಗ್ ಅನ್ನುವ ರಕ್ತ ಎಳೆಯುವ ಬಟ್ಟಲು ಕೂರಿಸಿದರು, ಕಪ್ಪು ರಕ್ತ ಹೆಪ್ಪುಗಟ್ಟಿ ಬಂತು. ಮರುವಾರ ಕುಂಟದೇ ಆಫೀಸಿಗೆ ಹೋದೆ.

ಈಗ ದುಡ್ಡಿನ ವಿಷಯ. ಚಿಮ್, ಬುಹಾಂಗ್, ತ್ತುಮ್ (ಒಣ ಎಲೆ ಸುಟ್ಟು ಶಾಖ ಕೊಡುವುದು) ಎಲ್ಲ ವಿಮೆಯಲ್ಲಿ ಬರುತ್ತದೆ. ನನ್ನ ಕೈಯಿಂದ ಪ್ರತಿ ಸಲ 7,000 ವೊನ್ ಹೋಗುತ್ತಿತ್ತು, ಅಂದರೆ ನಾನೂರು ಚಿಲ್ಲರೆ ರೂಪಾಯಿ. ಚುನಾ ಅಂತ ಬೆನ್ನು, ಕುತ್ತಿಗೆ ಎಳೆದು ತಿರುಗಿಸುವುದು ಇದೆಯಲ್ಲ, ಅದು 2019ರ ಏಪ್ರಿಲ್‌ನಿಂದ ವಿಮೆಗೆ ಸೇರಿದೆ. ಆದರೆ ವರ್ಷಕ್ಕೆ 20 ಸಲ ಮಾತ್ರ, ಸಾಮಾನ್ಯವಾಗಿ ಅರ್ಧ ದುಡ್ಡು ನೀವೇ ಕೊಡಬೇಕು. ಹುಷಾರಾಗಿರಬೇಕಾದ್ದು ಯಾಕ್‌ಚಿಮ್ ಹತ್ತಿರ, ಅಂದರೆ ಸೂಜಿಯಲ್ಲಿ ಗಿಡಮೂಲಿಕೆ ರಸ ಏರಿಸುವುದು. ಅದಕ್ಕೆ ವಿಮೆ ಇಲ್ಲ. ಕೇಳದೇ ಹಾಕಿ ಬಿಲ್ಲಿಗೆ 15,000 ವೊನ್ ಸೇರಿಸಿದ್ದರು. ಕೌಂಟರಿನಲ್ಲಿ ಜಗಳ ಮಾಡಿದೆ, ಬಿಡಲಿಲ್ಲ.

ಬಾಣಂತಿ ಅಮ್ಮ

ಹನ್ಯಾಕ್ ಬಗ್ಗೆ ನನ್ನನ್ನು ಕೇಳಿ. ಮಗು ಆದ ಮೇಲೆ ಮನೆ ಮಾಲೀಕಳಾದ ಅಜ್ಜಿ ನನ್ನನ್ನು ಕೈ ಹಿಡಿದು ಕರೆದುಕೊಂಡು ಹೋದಳು. ಬಾಣಂತಿ ಮೈಗೆ ಗಾಳಿ ಹೊಕ್ಕರೆ ಮುದುಕಿ ಆಗುವವರೆಗೂ ಕೀಲು ನೋವು ಬಿಡಲ್ಲ ಅನ್ನುತ್ತಾರೆ ಇಲ್ಲಿ. ಬೇಸಿಗೆಯಲ್ಲೂ ಕಾಲುಚೀಲ ಹಾಕಿಸುತ್ತಾರೆ. ನಮ್ಮಮ್ಮ ಹೇಳುವುದೂ ಇದನ್ನೇ ಅಲ್ವಾ, ಅದಕ್ಕೇ ನಂಬಿಕೆ ಬಂತು. ಡಾಕ್ಟರಮ್ಮ ನಾಡಿ ಹಿಡಿದು ಗಿ (ಮೈಯ ಶಕ್ತಿ) ಕಮ್ಮಿ ಆಗಿದೆ, ರಕ್ತ ಕಮ್ಮಿ ಆಗಿದೆ ಅಂದರು. ಕಷಾಯದ ಪೊಟ್ಟಣಗಳು ಕೊರಿಯರ್‌ನಲ್ಲಿ ಬಂದವು. 4,50,000 ವೊನ್! ರೂಪಾಯಿಯಲ್ಲಿ ಲೆಕ್ಕ ಹಾಕಿ, ಇಪ್ಪತ್ತೇಳು ಸಾವಿರ. ವಿಮೆಯಿಂದ ಒಂದು ಪೈಸೆ ಇಲ್ಲ. ಬೆಳಿಗ್ಗೆ ಒಂದು, ರಾತ್ರಿ ಒಂದು ಬಿಸಿನೀರಿನಲ್ಲಿ ಇಟ್ಟು ಕುಡಿಯುತ್ತಿದ್ದೆ. ಅರ್ಧ ಮುಗಿದ ಮೇಲೆ ಯಜಮಾನರು ಚೀಟಿಯನ್ನು ಫೋನಿನಲ್ಲಿ ಅನುವಾದ ಮಾಡಿ ನೋಡಿದರೆ ಅದರಲ್ಲಿ ನೊಗ್ಯೊಂಗ್. ಜಿಂಕೆಯ ಎಳೆ ಕೊಂಬು! ನಾನು ಮಾಂಸ ತಿನ್ನುವುದಿಲ್ಲ ಅಂತ ಮೊದಲೇ ಹೇಳಿದ್ದೆ. ಫೋನ್ ಮಾಡಿದರೆ ಕೊಂಬು ಮಾಂಸ ಅಲ್ಲವಲ್ಲ ಅಂತ ನಗುತ್ತಾರೆ. ಕುದಿಸಿದ ಔಷಧಿ ವಾಪಸ್ ತಗೊಳ್ಳಲ್ಲವಂತೆ. ಅತ್ತೆಗೆ ಇವತ್ತಿಗೂ ಹೇಳಿಲ್ಲ. ಉಳಿದ ಪೊಟ್ಟಣ ಅಜ್ಜಿಗೇ ಕೊಟ್ಟೆ, ಖುಷಿಯಾಗಿ ಕುಡಿದಳು.

ತೇಜೊನ್ ಪಿಎಚ್‌ಡಿ

ನಾನು ಇದರ ಪೂರ್ತಿ ವಿರುದ್ಧ. ಬೆಳಿಗ್ಗೆ ಹಲ್ಲುಜ್ಜುವಾಗ ನೀರು ಬಾಯಿಯ ಒಂದು ಬದಿಯಿಂದ ಸೋರುತ್ತಿತ್ತು. ಕನ್ನಡಿ ನೋಡಿದರೆ ಮುಖ ಸೊಟ್ಟ, ಎಡಗಣ್ಣು ಮುಚ್ಚುತ್ತಿಲ್ಲ. ಲ್ಯಾಬಿನಲ್ಲಿ ಎಲ್ಲರೂ, ಪ್ರೊಫೆಸರ್ ಸಮೇತ, ಒಂದೇ ಮಾತು: ಹನಿವೊನ್‌ಗೆ ಹೋಗು. ಬಾಯಿ ಸೊಟ್ಟಗಾದರೆ ಸೂಜಿ ಅನ್ನುವುದು ಇವರ ತಲೆಯಲ್ಲಿ ಅಚ್ಚಾಗಿದೆ. ನಾನು ಮೊಂಡು ಹಿಡಿದು ದೊಡ್ಡಾಸ್ಪತ್ರೆಗೆ ಹೋದೆ. ಮೂರು ದಿನದೊಳಗೆ ಸ್ಟೀರಾಯ್ಡ್ ಶುರು ಮಾಡಿದರೇ ಸರಿಯಾಗಿ ಕೆಲಸ ಮಾಡುವುದು, ಗೊತ್ತಾ? ಅಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆನೇ "ಹನ್ಯಾಕ್ ಕುಡಿಯುತ್ತೀರಾ?" ಲಿವರ್‌ಗೆ ಪೆಟ್ಟು ಅಂತ ಅವರ ವಾದ. ಪೂರ್ತಿ ಸರಿಹೋಯಿತು. ಭಟ್ರ ಕಾಲು ಸುಮ್ನೆ ಐಸ್ ಇಟ್ಟುಕೊಂಡು ಮಲಗಿದ್ದರೂ ಒಂದು ವಾರಕ್ಕೆ ಇಳಿಯುತ್ತಿತ್ತು.

ಅಂದಹಾಗೆ ಜೇನುನೊಣದ ವಿಷದ ಸೂಜಿ ಯಾರಾದರೂ ಹೇಳಿದರೆ ಎದ್ದು ಬನ್ನಿ. 2018ರಲ್ಲಿ ಬುಚೊನ್‌ನಲ್ಲಿ ಅದರಿಂದ ಒಬ್ಬರು ಸತ್ತೇ ಹೋದರು.

ಉಲ್ಸಾನ್ ಭಟ್ಟ

ಪಿಎಚ್‌ಡಿ ಸಾಹೇಬ್ರೇ, ನನ್ನ ಕಾಲು ನನಗೆ ಗೊತ್ತು. ಹನಿವೊನ್ ಡಾಕ್ಟರ್‌ಗಳೇನು ರಸ್ತೆ ಬದಿ ಟೆಂಟ್ ಹಾಕಿದವರಾ? ಆರು ವರ್ಷ ಕಾಲೇಜು, ಆಮೇಲೆ ಸರ್ಕಾರದ ಪರೀಕ್ಷೆ. 1951ರ ಕಾನೂನಿನಿಂದಲೇ ಇವರಿಗೆ ಬೇರೆ ಲೈಸೆನ್ಸ್. ಚಿಮ್‌ಗೆ ವಿಮೆ 1987ರಿಂದ ಇದೆ. ಆಸ್ಥಾನ ವೈದ್ಯ ಹೊ ಜುನ್ ಬರೆದ ವೈದ್ಯ ಗ್ರಂಥ ದೊಂಗುಯಿ ಬೊಗಾಮ್ ಅಚ್ಚಾಗಿದ್ದು 1613ರಲ್ಲಿ, 25 ಸಂಪುಟ. ರಾಜ ಸತ್ತಾಗ ಅವನದೇ ತಪ್ಪು ಅಂತ ಗಡಿಪಾರು ಮಾಡಿದರು. ಅಲ್ಲಿ ಕೂತೂ ಬರೆದ ಮನುಷ್ಯ. ಬಡವರಿಗೂ ಗೊತ್ತಾಗಲಿ ಅಂತ ಊರಿನ ಗಿಡಗಳ ಹೆಸರನ್ನು ಜನರ ಲಿಪಿಯಾದ ಹಂಗುಲ್‌ನಲ್ಲೇ ಕೊಟ್ಟಿದ್ದಾನೆ. ಯುನೆಸ್ಕೋ 2009ರಲ್ಲಿ ಪಟ್ಟಿಗೆ ಸೇರಿಸಿತು.

ತೇಜೊನ್ ಪಿಎಚ್‌ಡಿ

ಯುನೆಸ್ಕೋ ಪುಸ್ತಕವನ್ನು ಸೇರಿಸಿದ್ದು, ನಿಮ್ಮ ಕಾಲನ್ನಲ್ಲ. ಹಳೇ ದಾಖಲೆ ಅಂತ ಗೌರವ ಕೊಟ್ಟರೆ ಔಷಧಿ ಕೆಲಸ ಮಾಡುತ್ತದೆ ಅಂತ ಅರ್ಥವಾ? ಅಲ್ಟ್ರಾಸೌಂಡ್ ಯಂತ್ರ ಇವರು ಮುಟ್ಟಬಹುದಾ ಅನ್ನುವ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 2022ರ ಡಿಸೆಂಬರ್‌ನಲ್ಲಿ ಮುಟ್ಟಬಹುದು ಅಂತ ತೀರ್ಪು ಬಂತು. ನಾಡಿಯಲ್ಲೇ ಎಲ್ಲ ಗೊತ್ತಾಗುವುದಾದರೆ ಯಂತ್ರ ಯಾಕೆ ಬೇಕಿತ್ತೋ!

ಹಾಸನದ ಸೊಸೆ

ನೀವಿಬ್ಬರೂ ಜಗಳ ಆಡುತ್ತಿರಿ. ನಾನು ಕೊರಿಯಾದ ಮನೆಗೇ ಮದುವೆಯಾಗಿ ಬಂದವಳು. ಇಲ್ಲಿ ಇದು ಕಾಯಿಲೆಗೆ ಮಾತ್ರ ಅಲ್ಲ. ಬೋಯಾಕ್, ಅಂದರೆ ಮೈಗೆ ಶಕ್ತಿ ಬರಲಿ ಅಂತ ಕುಡಿಯುವ ಕಷಾಯ, ಇಲ್ಲಿ ಉಡುಗೊರೆ. ಹೊಸ ಸೊಸೆ ಸೊರಗಿದ್ದಾಳೆ ಅಂದರೆ ಬೋಯಾಕ್, ಮೈದುನನಿಗೆ ಕಾಲೇಜು ಪ್ರವೇಶ ಪರೀಕ್ಷೆ ಅಂದರೆ ಜಾಣತನದ ಕಷಾಯ. ಬೇಡ ಅಂದರೆ ಔಷಧಿ ಬೇಡ ಅಂದ ಹಾಗಲ್ಲ, ಅತ್ತೆಯೇ ಬೇಡ ಅಂದ ಹಾಗೆ. ನನ್ನತ್ತೆ ಕರೆದುಕೊಂಡು ಹೋದ ಡಾಕ್ಟರ್ ಮೈ ಮುಟ್ಟಿ, ಊಟ ನಿದ್ದೆ ಎಲ್ಲ ಕೇಳಿ ನನ್ನನ್ನು ಸೊಯುಮ್ ಜಾತಿ ಅಂದರು. ಲೀ ಜೆ-ಮಾ ಅನ್ನುವವರು 1894ರಲ್ಲಿ ಮನುಷ್ಯರನ್ನು ನಾಲ್ಕು ಥರ ಅಂತ ವಿಂಗಡಿಸಿದ್ದಾರಲ್ಲ, ಅದು. ಹೊಟ್ಟೆ ತಣ್ಣಗಂತೆ, ಸೌತೆಕಾಯಿ, ಕಲ್ಲಂಗಡಿ ಬಂದ್! ಅವತ್ತಿನಿಂದ ಅತ್ತೆ ನನ್ನ ತಟ್ಟೆಯಿಂದ ಸೌತೆಕಾಯಿ ಎತ್ತಿಡುತ್ತಾರೆ. ಮದುವೆ ದಿನ ಎದೆ ಹೊಡೆದುಕೊಳ್ಳಬಾರದು ಅಂತ ಚಿನ್ನದ ತಗಡು ಸುತ್ತಿದ ಚೊಂಗ್‌ಶಿಮ್‌ವೊನ್ ಗುಳಿಗೆ ಕೊಟ್ಟಿದ್ದರು, ಎಲ್ಲರೆದುರು ನುಂಗಿದೆ. ಅದರಲ್ಲಿರುವುದು ದನದ ಪಿತ್ತದ ಕಲ್ಲು ಅಂತ ಆಮೇಲೆ ತಿಳಿಯಿತು.

ಬಾಣಂತಿ ಅಮ್ಮ

ಅಯ್ಯೋ ಶಿವನೇ. ಗೊತ್ತಾದ ಮೇಲೂ ಇಷ್ಟು ಆರಾಮಾಗಿ ಹೇಳುತ್ತೀರಲ್ಲ?

ಹಾಸನದ ಸೊಸೆ

ಅಕ್ಕಾ, ಅದು ಗೋರೋಜನ. ನಮ್ಮೂರಲ್ಲಿ ಹಸುಗೂಸಿಗೆ ಶೀತ ಆದರೆ ಎದೆಹಾಲಲ್ಲಿ ತೇಯ್ದು ನೆಕ್ಕಿಸುವ ಗೋರೋಜನದ ಮಾತ್ರೆ ಇದೆಯಲ್ಲ, ಅದೇ ವಸ್ತು. ನಿಮ್ಮ ಮಗುವಿಗೆ ಊರಿಂದ ಅಜ್ಜಿ ತಂದಿರಲಿಲ್ವಾ? ಜಿಂಕೆ ಕೊಂಬಿಗೆ ಮಾತ್ರ ಮಡಿನಾ?

ಬಾಣಂತಿ ಅಮ್ಮ

ನಮ್ಮ ಮನೆ ವಿಷಯ ನಿಮಗೆ ಬೇಡ. ಅದು ಶಾಸ್ತ್ರದಲ್ಲಿ ಹೇಳಿರುವ ಔಷಧಿ. ಇದು ನನಗೆ ಹೇಳದೇ ಕುಡಿಸಿದ್ದು. ವ್ಯತ್ಯಾಸ ಅಷ್ಟೇ.

ತೇಜೊನ್ ಪಿಎಚ್‌ಡಿ

ಎರಡೂ ನಂಬಿಕೆನೇ. ಒಂದಕ್ಕೆ 27,000 ರೂಪಾಯಿ, ಇನ್ನೊಂದು ಅಗ್ಗ.

ಉಲ್ಸಾನ್ ಭಟ್ಟ

ಇವರಿಗೆ ಎಲ್ಲ ನಂಬಿಕೆನೇ, ಸ್ಟೀರಾಯ್ಡ್ ಒಂದು ಬಿಟ್ಟು. ಮುಖ ಸೊಟ್ಟಗಾದವರಲ್ಲಿ ಸುಮಾರು ಜನಕ್ಕೆ ಔಷಧಿ ಇಲ್ಲದೇನೂ ಸರಿಹೋಗುತ್ತದೆ ಸಾರ್, ಅದನ್ನೂ ಓದಿಕೊಳ್ಳಿ.

ಜೆಗಿದೊಂಗ್ ಜಗ್ಗ

ದುಡ್ಡು ಉಳಿಸಬೇಕಾದರೆ ಸಿಯೋಲ್‌ನಲ್ಲಿ ಮೆಟ್ರೋ 1ನೇ ಲೈನ್ ಹಿಡಿದು ಜೆಗಿದೊಂಗ್‌ನಲ್ಲಿ ಇಳಿಯಿರಿ. ರಸ್ತೆ ತುಂಬ ಗಿಡಮೂಲಿಕೆ ಅಂಗಡಿ, ನಮ್ಮ ಮಾಚಿಪತ್ರೆ ಜಾತಿಯ ಒಣ ಎಲೆ, ಶುಂಠಿ, ಚಕ್ಕೆ, ಜಿನ್ಸೆಂಗ್, ಒಣಗಿದ ಶತಪದಿ ಕಟ್ಟು ಕಟ್ಟು. ನಾನು ಊರಿಗೆ ಹೋಗುವಾಗಲೆಲ್ಲ ಜಿನ್ಸೆಂಗ್ ಅಲ್ಲೇ ಒಯ್ಯುವುದು. ಪಕ್ಕದ ಗ್ಯೊಂಗ್‌ದೊಂಗ್ ಮಾರುಕಟ್ಟೆಯಲ್ಲಿ ಹಳೇ ಟಾಕೀಸನ್ನೇ ಸ್ಟಾರ್‌ಬಕ್ಸ್ ಮಾಡಿದ್ದಾರೆ, ನೋಡಲೇಬೇಕು.

ಬಾಣಂತಿ ಅಮ್ಮ

ಶತಪದಿ ಅಂದರೆ ಜರಿ ಹುಳವಾ? ಅದನ್ನೂ ಹಾಕುತ್ತಾರಾ?

ಜೆಗಿದೊಂಗ್ ಜಗ್ಗ

ಹೂಂ ಅಕ್ಕಾ. ನಿಮ್ಮ ಚೀಟಿ ಇನ್ನೂ ಇದ್ದರೆ ಫೋಟೋ ಹಾಕಿ, ಏನೇನಿದೆ ಹೇಳುತ್ತೇನೆ.

ಬಾಣಂತಿ ಅಮ್ಮ

ಬೇಡ.