ಬಾವುಟ ಬೂದಿ ಬಣ್ಣ, ಗುಲಾಬಿ ನಾಪತ್ತೆ: ಫೋಟೊಗಳನ್ನು ತಾನಾಗಿ ಗ್ರೇಸ್ಕೇಲ್ (ಕಪ್ಪು-ಬಿಳುಪು) ಮಾಡುವುದು ಹೇಗೆ?

ಕೇಳಿದ್ದು: ಬಡಾವಣೆಯ ರಾಜ್ಯೋತ್ಸವ ಸಂಚಿಕೆ, ಒಳಪುಟಗಳಿಗೆ ಬರೀ ಕಪ್ಪು ಶಾಯಿ. ಸುಮಾರು 200 ಮೊಬೈಲ್ ಫೋಟೊ ಇವೆ, ಲಾಲ್‌ಬಾಗ್ ಹೂವಿನ ಪ್ರದರ್ಶನದವೇ ಹೆಚ್ಚು. ಫೋಟೊಶಾಪ್ ಆ್ಯಕ್ಷನ್‌ನಲ್ಲಿ ಡಿಸ್ಯಾಚುರೇಟ್ (ಬಣ್ಣ ತೆಗೆಯುವ ಆಜ್ಞೆ) ಹಾಕಿ ಎಲ್ಲಕ್ಕೂ ಒಟ್ಟಿಗೆ ಬ್ಯಾಚ್ ಓಡಿಸಿದ್ದೇವೆ. ಚಾಮರಾಜಪೇಟೆಯ ಪ್ರೆಸ್ಸಿನವರು ‘ನಾಲ್ಕು ಪ್ಲೇಟ್ ಬರ್ತಿದೆ’ ಅಂತಾರೆ, ಅಂದರೆ ಕಪ್ಪು ಒಂದರ ಬದಲು ನಾಲ್ಕು ಶಾಯಿಗೆ ಒಂದೊಂದು. ಬಾವುಟದ ಅರಿಶಿನ, ಕುಂಕುಮ ಎರಡೂ ಒಂದೇ ಬಣ್ಣ ಆಗಿವೆ. ಮಾಡಿ ಗೊತ್ತಿರೋರು ಹೇಳಿ.

ಉತ್ತರ 1: ಎರಡಕ್ಕೂ ಡಿಸ್ಯಾಚುರೇಟೇ ಕಾರಣ. ಅದು ಕೆಂಪು, ಹಸಿರು, ನೀಲಿ ಅನ್ನೋ ಮೂರು ಚಾನೆಲ್‌ಗಳಲ್ಲಿ ದೊಡ್ಡದು, ಚಿಕ್ಕದು ಕೂಡಿಸಿ ಅರ್ಧ ಮಾಡುತ್ತೆ. 0 ಅಂದ್ರೆ ಕಪ್ಪು, 255 ಅಂದ್ರೆ ಬಿಳಿ; ಅಚ್ಚ ಹಳದಿಗೂ 128, ಅಚ್ಚ ಕೆಂಪಿಗೂ 128. ಮೇಲಾಗಿ ಫೈಲ್ ಆರ್‌ಜಿಬಿಯಾಗೇ (ಆ ಮೂರು ಚಾನೆಲ್ಲಿನಲ್ಲೇ) ಉಳಿಯುತ್ತೆ, ಅದಕ್ಕೇ ನಾಲ್ಕು ಪ್ಲೇಟ್. ಇಮೇಜ್ ಮೆನುವಿನಲ್ಲಿ ಮೋಡ್ ಅನ್ನೇ ಗ್ರೇಸ್ಕೇಲ್‌ಗೆ ಬದಲಿಸಿ. ಪಿಡಿಎಫ್ ಆದಮೇಲೆ ಅಕ್ರೊಬ್ಯಾಟ್‌ನ ಔಟ್‌ಪುಟ್ ಪ್ರಿವ್ಯೂನಲ್ಲಿ ಬ್ಲ್ಯಾಕ್ ಒಂದನ್ನೇ ಆಫ್ ಮಾಡಿ. ಪುಟ ಪೂರ್ತಿ ಖಾಲಿ ಕಾಣಬೇಕು.

ಉತ್ತರ 2: ಬಾವುಟ ಸರಿಹೋಗುತ್ತೆ, ಆಮೇಲೆ ಗುಲಾಬಿ ಮಾಯ ಆಗುತ್ತೆ ನೋಡ್ತಿರಿ. ಬಣ್ಣವನ್ನು ಬೂದಿಗೆ ತಿರುಗಿಸುವ ಹಳೇ ಟಿವಿ ಕಾಲದ 601 ಸೂತ್ರ ಕೆಂಪಿಗೆ 0.299, ಹಸಿರಿಗೆ 0.587, ನೀಲಿಗೆ 0.114 ತೂಕ ಕೊಡುತ್ತೆ. ಕೆಂಪು-ಹಸಿರು-ನೀಲಿ 200-30-45ರ ಗುಲಾಬಿಗೂ 70-95-50ರ ಎಲೆಗೂ ಬರೋದು 82-83! ಎಚ್‌ಡಿ ಟಿವಿಯ 709 ಸೂತ್ರದಲ್ಲಿ ಹೂವಿಗೆ 67, ಎಲೆಗೆ 86. ಬೇರೆಯಾಯ್ತು, ಆದರೆ ಎಲೆಗಿಂತ ಹೂವೇ ಕಪ್ಪು. ಹೂವಿನ ಫೋಟೊಗಳಿಗೆ ಬೇರೆ ಫೋಲ್ಡರ್ ಇಟ್ಟು ಚಾನೆಲ್ ಮಿಕ್ಸರ್‌ನಲ್ಲಿ ಮಾನೊಕ್ರೋಮ್ ಟಿಕ್ ಮಾಡಿ, ಕೆಂಪು 50, ಹಸಿರು 40, ನೀಲಿ 10 ಕೊಡಿ. ಹೂ 116ರ ಹತ್ತಿರ, ಎಲೆ 78. ಮೂರರ ಮೊತ್ತ 100 ದಾಟಿದರೆ ಮಲ್ಲಿಗೆ, ಬಿಳಿ ಪಂಚೆ ಎಲ್ಲ ಸುಣ್ಣ ಬಳಿದಂತೆ ಆಗುತ್ತವೆ. ನೀಲಿಯನ್ನು ಹೆಚ್ಚಿಸಬೇಡಿ, ಮೊಬೈಲ್ ಫೋಟೊದಲ್ಲಿ ಮರಳು ಮರಳು ಕಾಣೋದು ಅಲ್ಲೇ. ಮಿಕ್ಸರ್ ಆದಮೇಲೂ ಮೋಡ್ ಬದಲಿಸಲೇಬೇಕು, ಇಲ್ಲದಿದ್ರೆ ಮತ್ತೆ ನಾಲ್ಕು ಪ್ಲೇಟ್.

ಉತ್ತರ 3: 200 ಫೋಟೊಗೆ ಫೋಟೊಶಾಪ್ ಯಾಕೆ? ಇಮೇಜ್‌ಮ್ಯಾಜಿಕ್ ಅನ್ನೋ ಆಜ್ಞೆ ಟೈಪ್ ಮಾಡಿ ಓಡಿಸುವ ತಂತ್ರಾಂಶ ಸಾಕು, ಆದರೆ ಆಜ್ಞೆಗಳ ಸಾಲು ತಪ್ಪಬಾರದು. ಮೊದಲು ಆಟೊ-ಓರಿಯೆಂಟ್ (ಫೋಟೊ ನೆಟ್ಟಗೆ ತಿರುಗಿಸೋದು), ಆಮೇಲೆ ಎಸ್‌ಆರ್‌ಜಿಬಿ ಪ್ರೊಫೈಲ್‌ಗೆ (ಬಣ್ಣಗಳ ಸಾಮಾನ್ಯ ಮಾನದಂಡಕ್ಕೆ) ಪರಿವರ್ತನೆ, ಕಲರ್-ಮ್ಯಾಟ್ರಿಕ್ಸ್‌ನಲ್ಲಿ ಮೇಲಿನ ತೂಕಗಳು, ಕಲರ್‌ಸ್ಪೇಸ್ ಗ್ರೇ, ಕೊನೆಗೆ ಸ್ಟ್ರಿಪ್ (ಫೈಲಿನೊಳಗಿನ ಹೆಚ್ಚುವರಿ ಮಾಹಿತಿ ಅಳಿಸೋದು). ಸ್ಟ್ರಿಪ್ ಮೊದಲೇ ಬಂದರೆ ತಿರುಗಿಸುವ ಸೂಚನೆಯೂ ಅಳಿಸಿಹೋಗಿ ಫೋಟೊ ಅಡ್ಡ ಮಲಗಬಹುದು. ಎಲ್ಲ ಫೋಟೊಗೂ ಒಟ್ಟಿಗೆ ಓಡಿಸುವ ಅದರ ಮೊಗ್ರಿಫೈ ಆಜ್ಞೆ ಬಳಸೋದಾದರೆ ಪಾತ್ ಕೊಟ್ಟು ಬೇರೆ ಫೋಲ್ಡರಿಗೆ ಬರೆಸಿ, ಇಲ್ಲವಾದರೆ ಮೂಲ ಫೋಟೊಗಳ ಮೇಲೇ ಬರೆದುಬಿಡುತ್ತೆ. ಫೋಲ್ಡರ್ ಕಾಯುವ ಸ್ಕ್ರಿಪ್ಟ್ ಬರೆದರೆ, ಫೈಲಿನ ಗಾತ್ರ 10 ಸೆಕೆಂಡ್ ಬದಲಾಗದೆ ನಿಂತ ಮೇಲೇ ಎತ್ತಿಕೊಳ್ಳಲಿ. ಅರ್ಧ ಕಾಪಿಯಾದ ಜೆಪೆಗ್‌ನ ಕೆಳಭಾಗ ಬೂದು ಪಟ್ಟಿಯಾಗಿ ಬರುತ್ತೆ, ಯಾರೂ ಗಮನಿಸಲ್ಲ.

ಉತ್ತರ 4: ಕಾಗದ ಮ್ಯಾಪ್‌ಲಿಥೋ (ನುಣುಪು ಲೇಪವಿಲ್ಲದ್ದು) ತಾನೇ? ಅದು ಶಾಯಿ ಕುಡಿಯುತ್ತೆ, ಕಪ್ಪು ಕೂದಲು, ನೆರಳು ಎಲ್ಲ ಒಂದೇ ಮುದ್ದೆ. ಇಮೇಜ್‌ಮ್ಯಾಜಿಕ್ ಸಾಲಿನ ಕೊನೇ ಹಂತದಲ್ಲಿ ಪ್ಲಸ್ ಲೆವೆಲ್ 10%, 97% ಸೇರಿಸಿ. ಗಾಢ ಜಾಗ 90% ಶಾಯಿಗೆ ನಿಲ್ಲುತ್ತೆ, ತಿಳಿ ಜಾಗದಲ್ಲಿ 3% ಚುಕ್ಕೆ ಉಳಿಯುತ್ತೆ. ಪ್ಲಸ್ ಬದಲು ಮೈನಸ್ ಹಾಕಿದ್ರೋ, ಉಲ್ಟಾ ಕಾಂಟ್ರಾಸ್ಟ್ ಏರುತ್ತೆ. ಮತ್ತೆ, ಸುಲಭ ಅಂತ ಪೂರ್ತಿ ಪಿಡಿಎಫ್ ಅನ್ನೇ ಗ್ರೇಗೆ ತಿರುಗಿಸಬೇಡಿ. ಪ್ರೊಫೈಲ್ ನಡುವೆ ಬಂದರೆ 100% ಕಪ್ಪು ಅಕ್ಷರವೂ ಗಾಢ ಬೂದಾಗುತ್ತೆ, ಚುಕ್ಕೆಗಳಲ್ಲಿ ಅಚ್ಚಾಗುತ್ತೆ. 10 ಪಾಯಿಂಟಿನಲ್ಲಿ ಒತ್ತಕ್ಷರದ ಅಂಚೆಲ್ಲ ಹರಿದ ಹಾಗೆ ಕಾಣುತ್ತೆ. ಫೋಟೊ ಮಾತ್ರ ಬದಲಿಸಿ, ಇನ್‌ಡಿಸೈನ್‌ನಲ್ಲಿ (ಪುಟ ಜೋಡಿಸುವ ತಂತ್ರಾಂಶ) ರೀಲಿಂಕ್ ಮಾಡಿ, ಅಂದರೆ ಹಳೇ ಫೋಟೊ ಜಾಗಕ್ಕೆ ಹೊಸದನ್ನು ಜೋಡಿಸಿ.